ಕೂಪೆಯಲ್ಲಿ ಎರಡೇ ಸೀಟು

"ಅಯ್ಯೋ ಶಿವನೇ, ಬಾಗ್ಲಿಗೆ ಒಳಗಡೆಯಿಂದ ಚಿಲಕ ಬೇರೆ ಮಡಗವ್ರಲ್ಲಪ್ಪಾ! ಓಡೋ ರೈಲಿನಾಗೆ ಯಾವ ಕಳ್ಳ ಬತ್ತಾನೆ ಅಂತ?"

ತೀರ್ಥಮ್ಮಜ್ಜಿ ಚಿಲಕವನ್ನು ಒಮ್ಮೆ ಮೇಲಕ್ಕೆ ಎಳೆದರು, ಒಮ್ಮೆ ಕೆಳಕ್ಕೆ ಎಳೆದರು, ಗಟ್ಟಿಮುಟ್ಟಾಗಿದೆ ಎಂದು ತಲೆಯಾಡಿಸಿ ನೀಲಿ ರೆಕ್ಸಿನ್ ಸೀಟಿನ ಮೇಲೆ ಕಾಲು ಮಡಚಿ ಕೂತರು. ಪಕ್ಕದಲ್ಲಿ ಅವರ ಮಗಳು ಪ್ರೇಮಮ್ಮ ಆಗಲೇ ಚಕ್ಕುಲಿ ಡಬ್ಬಿ, ನೀರಿನ ಕೂಜ, ಕಂಬಳಿ ಎಲ್ಲವನ್ನೂ ಹರಡಿಕೊಂಡು ಕೂತಾಗಿತ್ತು.

"ಕಳ್ಳರಿಗಲ್ಲ ಕಣವ್ವಾ. ದೊಡ್ಡ ಮನುಷ್ಯರು ನಿದ್ದೆ ಮಾಡ್ತಾರಲ್ಲ, ಯಾರೂ ಎಬ್ಬಿಸದೇ ಇರ್ಲಿ ಅಂತ."

ಕಿಟಕಿಯ ಮೂಲೆಯಲ್ಲಿ ಒಂದು ಗೇಣು ಜಾಗದಲ್ಲಿ ಮುದುಡಿ ಕೂತಿದ್ದ ಮಲ್ಲಿಕಾಂಬ ಬಾಯಿ ತೆರೆಯಲಿಲ್ಲ. ತೆರೆದರೆ ಏನು ಬರುತ್ತದೋ ಅವಳಿಗೇ ಭಯವಾಗಿತ್ತು. ಗಾಡಿ ಕಡೂರು ಸ್ಟೇಷನ್ ಬಿಟ್ಟು ಇನ್ನೂ ಎರಡು ನಿಮಿಷ ಆಗಿರಲಿಲ್ಲ.

ಆ ಚಿಲಕದ ವಿಷಯ ಅವಳಿಗೆ ಮೂರು ವಾರದಿಂದ ಗೊತ್ತಿತ್ತು. ಗಂಡ ಬಸವರಾಜಪ್ಪ ಹಿತ್ತಿಲ ನೀರೊಲೆಯ ಹತ್ತಿರ ಬಂದು, ಬಿಸಿನೀರು ತೋಡಿಕೊಳ್ಳುವ ನೆಪ ಮಾಡಿ, ಹೊಗೆಯ ನಡುವೆ ಪಿಸುಗುಟ್ಟಿದ್ದ. "ಬ್ಯಾಂಕಿನಿಂದ ಎಲ್‌ಟಿಸಿ, ಟೂರಿನ ಖರ್ಚು, ಸ್ಯಾಂಕ್ಷನ್ ಆಯ್ತು. ಆಫೀಸರಿಗೆ, ಹೆಂಡ್ತಿಗೆ ಫಸ್ಟ್ ಕ್ಲಾಸು. ಗೋವಾಕ್ಕೆ ಹೋಗೋಣ. ಕೂಪೆ ಅಂತ ಇರುತ್ತೆ ಮಲ್ಲಿಕಾ. ಎರಡೇ ಸೀಟು. ಬಾಗ್ಲು ಹಾಕ್ಕೋಬಹುದು. ಇಬ್ಬರೇ." ಅಷ್ಟು ಹೇಳುವುದರಲ್ಲಿ ಅವನ ಕಿವಿ ಕೆಂಪಾಗಿತ್ತು. ಬಿಸಿನೀರಿನ ಚೊಂಬು ಅಲ್ಲೇ ಬಿಟ್ಟು ಹೋಗಿದ್ದ.

ಇಬ್ಬರೇ. ಆ ಒಂದು ಮಾತನ್ನು ಮಲ್ಲಿಕಾಂಬ ಮೂರು ವಾರ ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡಂತೆ ಇಟ್ಟುಕೊಂಡು ಓಡಾಡಿದ್ದಳು. ಸಾರಿಗೆ ಒಗ್ಗರಣೆ ಹಾಕುವಾಗ ಇಬ್ಬರೇ. ಕೊಬ್ಬರಿ ಒಣಹಾಕುವಾಗ ಇಬ್ಬರೇ. ಬಿಸ್ಕತ್ತು ಬಣ್ಣದ ಸೀರೆಗೆ ತಾನೇ ಫಾಲ್ ಹೊಲಿದಳು, ಕೆಂಪು ಗಾಜಿನ ಬಳೆ ಹೊಸದಾಗಿ ತೊಟ್ಟಳು.

ಆಮೇಲೆ ಆ ಮಹಾನುಭಾವ ಒಂದು ದಿನ ಊಟಕ್ಕೆ ಕೂತಾಗ ಮನೆಯವರಿಗೆ ವಿಷಯ ತಿಳಿಸಿದ. ತಿಳಿಸಿ ಸುಮ್ಮನಾಗಬಾರದೇ? "ನೀವೂ ಎಲ್ಲಾ ಬನ್ನಿ ಅಪ್ಪಾ, ಸಮುದ್ರ ನೋಡ್ಕೊಂಡು ಬರೋಣ," ಅಂದ. ಹಾಗೆ ಅನ್ನುವುದು ಈ ಕಡೆಯ ಮರ್ಯಾದೆ. "ನಾವ್ಯಾಕಪ್ಪಾ, ನೀವು ಹೋಗ್ಬನ್ನಿ" ಅನ್ನುವುದೂ ಈ ಕಡೆಯ ಮರ್ಯಾದೆಯೇ. ಆದರೆ ಮಾವ, ಕೊಬ್ಬರಿ ಮಂಡಿಯ ದೇವೀರಪ್ಪನವರು, ಅನ್ನ ಕಲಸುತ್ತಾ, "ಆಗ್ಲಿ ಕಣೋ, ನಮಗೆ ಸೆಕೆಂಡ್ ಕ್ಲಾಸು ಬುಕ್ ಮಾಡ್ಸು," ಅಂದುಬಿಟ್ಟರು. ಮಲ್ಲಿಕಾಂಬನ ಕೈಯಲ್ಲಿದ್ದ ತುಪ್ಪದ ಚಮಚ ಅಲ್ಲೇ ನಿಂತಿತ್ತು.

ಹೋಗಲಿ, ಅವರವರ ಡಬ್ಬಿಯಲ್ಲಿ ಅವರವರು ಇರುತ್ತಾರೆ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು. ಈ ಡಬ್ಬಿಗೂ ಆ ಡಬ್ಬಿಗೂ ನಡುವೆ ಓಡಾಡಲು ದಾರಿಯೂ ಇಲ್ಲವಂತೆ, ಗಾಡಿ ನಿಂತಾಗ ಇಳಿದು ಹತ್ತಬೇಕಂತೆ. ಎಷ್ಟು ಒಳ್ಳೆಯ ಸುದ್ದಿ! ಆದರೆ ಇವತ್ತು ಕಡೂರಿನಲ್ಲಿ ಗಾಡಿ ಬಂದು ನಿಂತದ್ದೇ ತಡ, ಬಸವರಾಜಪ್ಪ ಅಜ್ಜಿಯ ರಟ್ಟೆ ಹಿಡಿದು ಕೂಪೆಗೇ ಹತ್ತಿಸಿದ. "ಅಜ್ಜಿ ಇನ್ನೂ ಲಿಂಗಪೂಜೆ ಮಾಡ್ಕೊಂಡಿಲ್ಲ. ಆ ಗಲಾಟೇಲಿ ಹೇಗೆ ಮಾಡ್ಕೋತಾರೆ? ಇಲ್ಲಿ ನಲ್ಲಿ ಇದೆ, ಬೇಸಿನ್ ಇದೆ. ಪ್ರೇಮತ್ತೆ, ನೀವೂ ಬನ್ನಿ, ಅಜ್ಜಿ ಜೊತೆಗೆ."

ಪೂಜೆಗೆ ಬೇಡ ಅನ್ನುವವರು ಯಾರು?

ಗಂಡನ ಈ ಸೋದರತ್ತೆ ಪ್ರೇಮತ್ತೆಯ ಹೆಸರು ಕೇಳಿದರೇ ಮಲ್ಲಿಕಾಂಬನ ಮೈ ಉರಿಯುತ್ತಿತ್ತು. ಕಡೂರಿನ ಮನೆಯಲ್ಲಿ ಬಾಗಿಲಿರುವ ಕೋಣೆ ಒಂದೇ. ಹೋದ ವೈಶಾಖದಲ್ಲಿ ಮದುವೆಯಾಗಿ ಬಂದಾಗ ಅದು ಹೊಸ ಗಂಡಹೆಂಡಿರದು. ಮದುವೆಗೆ ಬಂದ ಪ್ರೇಮತ್ತೆ ಎಂಟನೇ ದಿನ ಹಜಾರದ ಗಾಳಿಗೆ ಕೆಮ್ಮಿದರು. ಅವತ್ತು ಕೋಣೆ ಹೋಯಿತು. ಎಂಟು ತಿಂಗಳಾದರೂ ಅವರ ಕೆಮ್ಮು ವಾಸಿಯಾಗಿಲ್ಲ, ಊರಿಗೂ ಹೋಗಿಲ್ಲ. ಮಲ್ಲಿಕಾಂಬ ಅಜ್ಜಿಯ ಮಗ್ಗುಲಲ್ಲಿ ಹಜಾರದಲ್ಲಿ. ಬಸವರಾಜಪ್ಪ ಅಪ್ಪನ ಜೊತೆ ಜಗುಲಿಯಲ್ಲಿ. ಬೆಳಗ್ಗೆ ಕಾಫಿ ಲೋಟ ಕೊಡುವಾಗ ನಾಲ್ಕು ಬೆರಳು ತಾಗುವುದು, ಅವನು ಸಖರಾಯಪಟ್ಟಣದ ಬ್ಯಾಂಕಿಗೆ ಬಸ್ಸು ಹಿಡಿಯಲು ಓಡುವುದು. ಅಷ್ಟೇ ಸಂಸಾರ.

ಈಗ ಅವನು ಕೂಪೆಯ ಹೊರಗೆ, ಡಬ್ಬಿಯ ಉದ್ದಕ್ಕೂ ಹೋಗುವ ಓಣಿಯಲ್ಲಿ ಕಿಟಕಿಯ ಸರಳು ಹಿಡಿದು ನಿಂತಿದ್ದ. ಆಗಾಗ ಒಳಗೆ ಇಣುಕುತ್ತಿದ್ದ. ಅವನ ಕಣ್ಣು ಅವಳ ಹೊಸ ಬಳೆಗಳ ಮೇಲೆ ಬಿತ್ತು, ಅಲ್ಲಿಂದ ಸೆರಗಿಗೆ ಬಂತು, ಮುಖಕ್ಕೆ ಬರುವಷ್ಟರಲ್ಲಿ ಅವಳು ಎಂಥ ನೋಟ ಎಸೆದಳೆಂದರೆ, ಅವನು ತಟ್ಟನೆ ತಿರುಗಿ ಬಯಲನ್ನು ನೋಡಲು ಶುರುಮಾಡಿದ. ಬೆನ್ನು ಮಾತ್ರ ಕಾಣುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ, ಕತ್ತಿನ ಹಿಂದೆ ಪೌಡರು. ಆ ಪೌಡರು ಯಾರಿಗೆ ಹಾಕಿಕೊಂಡನಪ್ಪಾ ಎಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಬೀರೂರಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಅಜ್ಜಿಯ ಪೂಜೆ ಮುಗಿದಿತ್ತು. ಹಣೆ ತುಂಬ ವಿಭೂತಿ ಬಳಿದುಕೊಂಡು ಎದ್ದೇಬಿಟ್ಟರು.

"ನಾವು ಆ ಕಡೀಕೆ ಹೋಗ್ತೀವಿ ಕಣವ್ವಾ. ಇಲ್ಲಿ ಮಾತಾಡಕ್ಕೆ ಒಂದು ನರಪಿಳ್ಳೆ ಇಲ್ಲ. ಮೆತ್ತಗೆ ಐತೆ ಅಷ್ಟೇಯ."

"ಅಲ್ಲಿ ಶಿವನಿಯೋರು ಯಾರೋ ಹತ್ತವ್ರಂತೆ," ಅಂತ ಪ್ರೇಮಮ್ಮನೂ ಡಬ್ಬಿ ಮುಚ್ಚಿದರು. "ಹುಡುಗಿ ನೋಡಕ್ಕೆ ಹೋಯ್ತಾವ್ರೆ. ಯಾರ ಮನೆ ಹುಡುಗಿ ಅಂತ ಕೇಳನ ನಡಿ."

ಮಲ್ಲಿಕಾಂಬನಿಗೆ ಇಬ್ಬರ ಕಾಲಿಗೂ ಬೀಳಬೇಕು ಅನ್ನಿಸಿತು. ಬಸವರಾಜಪ್ಪ ಅವರನ್ನು ಇಳಿಸಿಕೊಂಡು ಹೋದ. ಅವಳು ಎದ್ದು ಚಕ್ಕುಲಿ ಚೂರು ಗುಡಿಸಿದಳು. ಬೇಸಿನ್ನಿನ ಮೇಲಿನ ಕನ್ನಡಿಯಲ್ಲಿ ಹೂವು ಸರಿಮಾಡಿಕೊಂಡಳು. ಪಕ್ಕದಲ್ಲೇ ಕೂರುವುದಾ, ಒಂದಿಷ್ಟು ದೂರವಾ? ಮೊದಲ ಮಾತು ಯಾರದು?

ಬಾಗಿಲು ಸರಿಯಿತು.

"ಬನ್ನಿ ಅಪ್ಪಾ, ಹುಷಾರು, ಬಾಗ್ಲು ಚಿಕ್ಕದು. ಅಮ್ಮಾ, ಕೈ ಕೊಡು."

ದೇವೀರಪ್ಪನವರು ಬಂದವರೇ ಸೀಟಿನ ಉದ್ದಕ್ಕೂ ಕಾಲು ಚಾಚಿ, ಫ್ಯಾನು ತಮ್ಮ ಕಡೆ ತಿರುಗಿಸಿಕೊಂಡು, ಟವಲು ಮುಖದ ಮೇಲೆ ಹಾಕಿಕೊಂಡರು. ವಿಮಲಮ್ಮ ಸೊಸೆಯ ಮುಖ ನೋಡಿ ಟ್ರಂಕಿನ ಮೇಲೆ ಕೂತರು. "ನಾನು ಬರಲ್ಲ ಅಂದೆ ಕಣೇ. ಈ ಮುಂಡೇದು ಕೈ ಹಿಡ್ದು ಎಳ್ಕೊಂಡು ಬಂತು."

ಮಲ್ಲಿಕಾಂಬ ಓಣಿಗೆ ಬಂದಳು. ದನಿ ತಗ್ಗಿಸಿದಳು. ತಗ್ಗಿದಷ್ಟೂ ಅದು ಹರಿತವಾಯಿತು.

"ಇದೇನ್ರೀ ಇದು?"

"ಅಪ್ಪಂಗೆ ಅಲ್ಲಿ ಕಾಲು ಚಾಚಕ್ಕೆ ಜಾಗ ಇರ್ಲಿಲ್ಲ…"

"ಇಲ್ಲಿ ನನಗೆ ಕಾಲು ಮಡಚಕ್ಕೆ ಜಾಗ ಇಲ್ಲ. ಅದು ಕಾಣಿಸ್ಲಿಲ್ವಾ?"

"ಸ್ವಲ್ಪ ಹೊತ್ತು ಮಲ್ಲಿಕಾ. ನಿಂಗೂ ಬೇಜಾರಾಗಲ್ಲ, ಜೊತೆ ಇರುತ್ತೆ ಅಂತ…"

ಜೊತೆ! ಅವಳು ಉತ್ತರ ಕೊಡುವ ಮೊದಲೇ ಓಣಿಯ ಆ ತುದಿಯಿಂದ ಟಿಕೆಟ್ ತಪಾಸಣೆಯವರು ಬಂದರು. ಕಪ್ಪು ಕೋಟು, ಕಿವಿಯ ಮೇಲೆ ಪೆನ್ಸಿಲು. ಒಳಗೆ ನೋಡಿದರು, ಟಿಕೆಟು ನೋಡಿದರು.

"ಇಬ್ಬರಿಗೆ ಇರೋದು ಸ್ವಾಮಿ ಇದು. ಈ ಯಜಮಾನ್ರು, ಈ ಅಮ್ಮ?"

"ನಮ್ಮ ತಂದೆ ತಾಯಿ. ಸೆಕೆಂಡ್ ಕ್ಲಾಸಲ್ಲಿ ರಿಸರ್ವೇಷನ್ ಇದೆ…"

"ಹಂಗಾದ್ರೆ ಅಜ್ಜಂಪುರದಲ್ಲಿ ಇಳಿದು ಅಲ್ಲಿಗೆ ಹೋಗ್ಬೇಕು. ರೂಲ್ಸು."

ಆ ಕಪ್ಪು ಕೋಟಿನ ಮನುಷ್ಯ ಮಲ್ಲಿಕಾಂಬನ ಕಣ್ಣಿಗೆ ಸಾಕ್ಷಾತ್ ಶಿವನಂತೆ ಕಂಡ. ವಿಮಲಮ್ಮ ಆಗಲೇ ಎದ್ದು ನಿಂತಿದ್ದರು. "ಹೋಗ್ತೀವಿ ಬುಡಿ ಸ್ವಾಮಿ, ನಾನು ಮೊದ್ಲೇ ಅಂದೆ." ದೇವೀರಪ್ಪನವರು ಟವಲಿನ ಅಡಿಯಿಂದ ಒಂದು ಕಣ್ಣು ತೆರೆದರು. ಬಸವರಾಜಪ್ಪ ಕೈ ಹೊಸೆಯುತ್ತಾ ನಿಂತಿದ್ದ. ಅವನನ್ನು ನೋಡಿ ಆ ಮನುಷ್ಯನಿಗೆ ಕರುಣೆ ಬಂತೋ ಏನೋ, ಮಲ್ಲಿಕಾಂಬನ ಕಡೆ ತಿರುಗಿದರು.

"ನೋಡಿ ತಾಯಿ, ಸೀಟು ನಿಮ್ಮದು. ನಿಮಗೆ ತೊಂದರೆ ಇಲ್ಲ ಅಂದ್ರೆ ನಾನ್ಯಾಕೆ ಎಬ್ಬಿಸ್ಲಿ? ತೊಂದರೆ ಇದೆಯಾ?"

ಎಲ್ಲರೂ ಅವಳನ್ನೇ ನೋಡಿದರು. ಇದೆ ಅನ್ನಬೇಕು. ಎರಡೇ ಅಕ್ಷರ. ಅವಳು ಬಾಯಿ ತೆರೆದಳು.

"ಅಯ್ಯೋ, ತೊಂದರೆ ಏನು ಬಂತು? ಇರ್ಲಿ ಬಿಡಿ, ದೊಡ್ಡವರು."

ಅದು ಅವಳದೇ ದನಿ. ಎಷ್ಟು ಮಧುರವಾಗಿತ್ತು ಅಂದರೆ ಅವಳಿಗೇ ಹೇಸಿಗೆಯಾಯಿತು. ಕಪ್ಪು ಕೋಟು ಮುಂದಕ್ಕೆ ಹೋಯಿತು. ದೇವೀರಪ್ಪನವರ ಕಣ್ಣು ಟವಲಿನ ಅಡಿಗೆ ಹೋಯಿತು. ವಿಮಲಮ್ಮ ಮಾತ್ರ ಸೊಸೆಯನ್ನು ಬಹಳ ಹೊತ್ತು ನೋಡಿದರು, ಆಮೇಲೆ ಮಗನನ್ನು ನೋಡಿದರು.

ಅಜ್ಜಂಪುರ ಬರುವವರೆಗೂ ಮಲ್ಲಿಕಾಂಬ ಓಣಿಯಲ್ಲೇ ನಿಂತಳು. ಗಂಡನ ಮೇಲೆ ಸಿಟ್ಟು, ಮಾವನ ಕಾಲಿನ ಮೇಲೆ ಸಿಟ್ಟು, ಸದ್ಯ ತನ್ನ ನಾಲಿಗೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಗೋವಾದಲ್ಲೂ ಹೀಗೇ. ಸಮುದ್ರದಲ್ಲೂ ಇವರೆಲ್ಲ ನಡುವೆ ನಿಂತಿರುತ್ತಾರೆ. ಅವನಿಗೆ ಬೇಕಾಗಿದ್ದರೆ ಹೀಗೆ ಮಾಡುತ್ತಿದ್ದನೇ? ತನ್ನ ಹೆಂಡತಿಯ ಜೊತೆ ಒಂದು ಹಗಲು ಕೂರಲು ಆಗದವನು, ಎಂಟು ತಿಂಗಳು ಜಗುಲಿಯಲ್ಲಿ ಹಾಯಾಗಿ ನಿದ್ದೆ ಮಾಡಿದವನು, ಅವನಿಗೆ ತಾನು ಬೇಡ. ಅಷ್ಟು ಸರಳ. ಇಷ್ಟು ದಿನ ಗೊತ್ತಾಗಲಿಲ್ಲವಲ್ಲ.

ಗಾಡಿ ನಿಂತಿತು. ಅವಳು ಒಳಗೆ ಹೋಗಿ ತನ್ನ ಏರ್‌ಬ್ಯಾಗು ತೆಗೆದುಕೊಂಡು ಇಳಿದುಬಿಟ್ಟಳು.

"ಮಲ್ಲಿಕಾ! ಎಲ್ಲಿಗೆ?" ಬಸವರಾಜಪ್ಪ ಹಿಂದೆಯೇ ಇಳಿದು ಓಡಿಬಂದ.

"ತರೀಕೆರೆಗೆ. ನಮ್ಮಪ್ಪನ ಮನೆಗೆ. ಇಲ್ಲಿಂದ ಬಸ್ಸಿದೆ."

"ತಮಾಷೆ ಮಾಡಬೇಡ ಕಣೇ. ಗಾಡಿ ಹೊರಡುತ್ತೆ, ಹತ್ತು."

"ಹೊರಡ್ಲಿ. ನನ್ನ ಸೀಟು ಖಾಲಿ ಆಯ್ತಲ್ಲ, ಇನ್ನೊಬ್ಬರನ್ನ ಕರ್ಕೊಂಡು ಬನ್ನಿ. ಆ ಟಿಕೆಟ್ ಕಲೆಕ್ಟರ್‌ನ ಕೂರಿಸ್ಕೊಳ್ಳಿ. ಇಂಜಿನ್ ಡ್ರೈವರು ಬೆಳಗ್ಗೆಯಿಂದ ನಿಂತೇ ಇದಾನೆ ಪಾಪ, ಅವನಿಗೂ ಹೇಳಿ."

"ಎಲ್ಲರೂ ನೋಡ್ತಿದಾರೆ ಮಲ್ಲಿಕಾ…"

"ನೋಡ್ಲಿ! ಎಂಟು ತಿಂಗಳಿಂದ ಎಲ್ಲರೂ ನೋಡ್ತಾನೇ ಇದಾರೆ. ನೀವೊಬ್ರು ಬಿಟ್ಟು!"

ಗಾರ್ಡು ಸೀಟಿ ಊದಿದ. ಗಾಡಿ ಒಂದು ಸಲ ನಡುಗಿ ಜರುಗಿತು. ಬಸವರಾಜಪ್ಪ ಓಡಿಹೋಗಿ ಬಾಗಿಲ ಕಂಬಿ ಹಿಡಿದ, ಒಂದು ಕಾಲು ಮೆಟ್ಟಿಲ ಮೇಲಿಟ್ಟ. ಅವಳು ಮುಖ ತಿರುಗಿಸಲಿಲ್ಲ, ನೋಡುತ್ತಲೇ ನಿಂತಳು. ಹತ್ತು, ಹತ್ತಿಕೋ, ನೋಡೇಬಿಡುತ್ತೇನೆ ಅನ್ನುವ ಹಾಗೆ. ಅವನು ಕುಂಟುತ್ತಾ ಗಾಡಿಯ ಜೊತೆ ಹತ್ತು ಹೆಜ್ಜೆ ಹೋದ. ಮೇಲೆ ಕೂಪೆಯ ಕಿಟಕಿಯಲ್ಲಿ ಅಪ್ಪನ ಗಾಬರಿಯ ಮುಖ, ಮೇಲಕ್ಕೆತ್ತಿದ ಕೈ. ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ ಅಮ್ಮನ ಕೈ.

"ಚೈನು ಮುಟ್ಟಿದ್ರೆ ನೋಡಿ ಮತ್ತೆ! ಬುಡ್ರೀ ಅವ್ರನ್ನ!"

ಇಡೀ ಅಜ್ಜಂಪುರಕ್ಕೆ ಕೇಳುವ ಹಾಗೆ ವಿಮಲಮ್ಮ ಕೂಗಿದರು.

ಬಸವರಾಜಪ್ಪ ಕಂಬಿ ಬಿಟ್ಟ.

ಗಾಡಿ ಹೋಯಿತು. ಅದರ ಸದ್ದೂ ಹೋಯಿತು. ಪ್ಲಾಟ್‌ಫಾರ್ಮಿನಲ್ಲಿ ಇವರಿಬ್ಬರು, ಮೂರು ಕಲ್ಲುಬೆಂಚು, ಗೂಡ್ಸ್ ಶೆಡ್ಡಿನಲ್ಲಿ ಒಟ್ಟಿದ್ದ ಈರುಳ್ಳಿ ಮೂಟೆಗಳು. ಹಸಿರು ಬಾವುಟ ಸುತ್ತುತ್ತಾ ಪೋರ್ಟರ್ ಹೊನ್ನಯ್ಯ ಹತ್ತಿರ ಬಂದ.

"ಗಾಡಿ ತಪ್ಪೋಯ್ತಾ ಬುದ್ಧಿ? ಇನ್ನ ಎರಡೂವರೆಗೆ ಪ್ಯಾಸೆಂಜರು. ಮಾಸ್ಟ್ರು ಫೋನ್ ಮಾಡಿ ಹುಬ್ಬಳ್ಳೀಲಿ ನಿಮ್ಮೋರಿಗೆ ಹೇಳಿಸ್ತಾರೆ, ಯೋಚ್ನೆ ಮಾಡಬ್ಯಾಡಿ. ಫಸ್ಟ್ ಕ್ಲಾಸ್ ಗಿಸ್ಟ್ ಕ್ಲಾಸ್ ಅದಕ್ಕೆ ಇರಾಕಿಲ್ಲ. ನಿಂತ್ಕೊಂಡೇ ಹೋಗ್ಬೇಕು."

"ತರೀಕೆರೆ ಬಸ್ಸು?" ಅಂದಳು ಮಲ್ಲಿಕಾಂಬ.

"ಅದು ಇನ್ನ ಅರ್ಧ ಗಂಟೆಗೆ ಬತ್ತದೆ ತಾಯಿ. ಹೊರಗಡೆ ಆಲದ ಮರದ ತಾವು."

ಅವನು ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿ ಹೋದ. ಮಲ್ಲಿಕಾಂಬ ಬೆಂಚಿನ ಈ ತುದಿಯಲ್ಲಿ ಕೂತಳು. ಬಸವರಾಜಪ್ಪ ಆ ತುದಿಯಲ್ಲಿ. ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ.

"ಅಳ್ತಿದೀಯಾ?"

"ಈರುಳ್ಳಿ."

"ಮೂಟೆ ಅಷ್ಟು ದೂರ ಇದೆ."

"ಗಾಳಿ ಈ ಕಡೆ ಬೀಸ್ತಿದೆ. ನಿಮಗೇನು?" ಅವಳು ಮೂಗು ಒರೆಸಿಕೊಂಡಳು. "ನಾನು ಬೇಡವಾಗಿದ್ರೆ ನೆಟ್ಟಗೆ ಹೇಳಬಹುದಿತ್ತು. ಇಷ್ಟೊಂದು ಜನರನ್ನ ತಂದು ಅಡ್ಡ ಕೂರಿಸೋ ಕಷ್ಟ ಯಾಕೆ ತಗೊಂಡ್ರಿ?"

"ಬೇಡವಾ? ನೀನಾ?" ಅವನು ಎದ್ದೇಬಿಟ್ಟ. ಅವನಿಗೂ ಸಿಟ್ಟು ಬರುತ್ತದೆ ಎನ್ನುವುದನ್ನು ಅವಳು ಅವತ್ತೇ ಮೊದಲು ಕಂಡದ್ದು. "ಕೋಣೆ ಬಿಟ್ಟುಕೊಟ್ಟಿದ್ದು ಯಾರು? ಎಂಟನೇ ದಿನ! ಪ್ರೇಮತ್ತೆ ಒಂದು ಸಲ ಕೆಮ್ಮಿದ್ದಕ್ಕೆ, ನೀವು ಒಳಗೆ ಮಲಗಿ ಅತ್ತೆ, ನಾನು ಹಜಾರದಲ್ಲಿ ಮಲಗ್ತೀನಿ ಅಂತ ಓಡಿಹೋಗಿ ಚಾಪೆ ಸುತ್ಕೊಂಡು ಬಂದಿದ್ದು ಯಾರು?"

"ಅದು… ಅದು ಉಪಚಾರಕ್ಕೆ ಅಂದಿದ್ದು! ಹೊಸ ಸೊಸೆ, ಅನ್ನಲೇಬೇಕಲ್ಲ! ಅವರು ಬೇಡ ಕಣವ್ವಾ ಅಂತಾರೆ ಅಂದ್ಕೊಂಡಿದ್ದೆ."

"ಅನ್ಲಿಲ್ಲವಲ್ಲ."

"ನೀವು ಅನ್ನಬೇಕಿತ್ತು!"

"ಅಪ್ಪ, ಅಮ್ಮ, ಅಜ್ಜಿ ಎಲ್ಲರ ಎದುರಿಗೆ, ನನ್ನ ಹೆಂಡ್ತಿ ನನ್ನ ಕೋಣೇಲೇ ಇರ್ಲಿ ಅಂತ ಕೂಗಿ ಹೇಳಬೇಕಿತ್ತಾ?"

"ಹ್ಞೂಂ. ಕೂಗಿ ಹೇಳಬೇಕಿತ್ತು."

ಬಸವರಾಜಪ್ಪ ಮತ್ತೆ ಕೂತ. ಈ ಸಲ ನಡುವಿನ ಜಾಗ ಒಬ್ಬರು ಕೂರುವಷ್ಟಾಗಿತ್ತು. ಅವನ ದನಿ ಇಳಿಯಿತು.

"ನಾನು ಏನು ತಿಳ್ಕೊಳ್ಳಲಿ ಹೇಳು. ಈ ಹುಡುಗಿಗೆ ನನ್ನ ಕಂಡ್ರೆ ಆಗಲ್ಲ, ನೆಪ ಸಿಕ್ಕಿದ್ದೇ ತಡ ಓಡಿಹೋದ್ಲು ಅಂದ್ಕೊಂಡೆ. ದಿನಾ ಬಸ್ಸಲ್ಲಿ ಅದೇ ಯೋಚ್ನೆ. ಎಮ್ಮೆದೊಡ್ಡಿ ರೋಡು ದಾಟೋವರೆಗೂ ಅದೇ. ಈ ಕೂಪೆ ಬುಕ್ ಮಾಡ್ಸೋವಾಗ ಧೈರ್ಯ ಇತ್ತು. ಆಮೇಲೆ ಹೆದರಿಕೆ ಆಯ್ತು. ಬಾಗ್ಲು ಹಾಕಿದ ಮೇಲೆ ನೀನು ಗೋವಾವರೆಗೂ ಕಿಟಕಿ ಕಡೆ ಮುಖ ಮಾಡಿ ಕೂತ್ರೆ? ಜನ ಇದ್ರೆ, ನೀನು ನನ್ನ ಜೊತೆ ಮಾತಾಡ್ದೇ ಇರೋದು ಅಷ್ಟು ಕಾಣಿಸಲ್ಲ ಅನ್ನಿಸ್ತು. ನಿಂಗೂ ಹಿಂಸೆ ಆಗಬಾರದು ಅಂತ…"

"ಹಿಂಸೆ!" ಅವಳು ಬ್ಯಾಗನ್ನು ನೆಲಕ್ಕೆ ಕುಕ್ಕಿದಳು. "ನೀರೊಲೆ ಹತ್ರ ಬಂದು ಇಬ್ಬರೇ ಅಂದು ಹೋದ್ರಲ್ಲ, ಅವತ್ತಿಂದ ನಾನು ಸರಿಯಾಗಿ ಊಟ ಮಾಡಿಲ್ಲ ಗೊತ್ತಾ? ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ, ಅತ್ತೆ ಬೈದ್ರು. ಈ ಬಳೆ ಯಾರಿಗೆ ತೊಟ್ಟಿದ್ದು? ನಿಮ್ಮ ಪ್ರೇಮತ್ತೆಗಾ?"

ಬಸವರಾಜಪ್ಪ ಬಳೆ ನೋಡಿದ. ಈ ಸಲ ಕಣ್ಣು ಅಲ್ಲಿಂದ ಮುಖಕ್ಕೆ ಬಂತು, ಬಂದು ಅಲ್ಲೇ ನಿಂತಿತು. ಅವಳೂ ತಿರುಗಿಸಿಕೊಳ್ಳಲಿಲ್ಲ. ಎಂಟು ತಿಂಗಳಲ್ಲಿ ಇಷ್ಟು ಹತ್ತಿರದಿಂದ, ಇಷ್ಟು ಬೆಳಕಿನಲ್ಲಿ ಅವನ ಮುಖ ನೋಡಿರಲಿಲ್ಲ. ಎಡಹುಬ್ಬಿನಲ್ಲಿ ಒಂದು ಸಣ್ಣ ಗಾಯದ ಕಲೆ ಇತ್ತು. ಅದು ಹೇಗಾಯಿತೋ ಕೇಳಬೇಕು.

"ಮತ್ತೆ ಆ ಟಿಕೆಟ್ ಕಲೆಕ್ಟರು ಕೇಳಿದಾಗ ತೊಂದರೆ ಇಲ್ಲ ಅಂದೆಯಲ್ಲ?" ಅಂದ ಮೆಲ್ಲಗೆ.

"ಅದೂ ಉಪಚಾರ."

"ಅಪ್ಪಂಗೆ ನೀವೂ ಬನ್ನಿ ಅಂದಿದ್ದು ನಾನೂ ಉಪಚಾರಕ್ಕೇ."

ಅವಳಿಗೆ ನಗು ಬಂತು. ಬರಬಾರದಿತ್ತು. ಕಚ್ಚಿ ಹಿಡಿದಳು, ಆದರೂ ತುಟಿಯ ಒಂದು ಮೂಲೆಯಿಂದ ಜಾರಿತು.

"ನಕ್ಕೆ ನೀನು."

"ನಕ್ಕಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ."

"ಬೇಗ ಇಳೀಬೇಕು ಅಂತ ನಾನೇನೂ ಅಂದಿಲ್ಲ. ಎರಡೂವರೆವರೆಗೂ ಟೈಮಿದೆ."

ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು. ಕಂಡಕ್ಟರು ತರೀಕೆರೆ, ತರೀಕೆರೆ ಎಂದು ರಾಗ ಎಳೆಯುತ್ತಿದ್ದ. ಬಸವರಾಜಪ್ಪ ಅವಳ ಬ್ಯಾಗು ನೋಡಿದ.

"ಹೋಗೋದಾದ್ರೆ ನಾನೂ ಬರ್ತೀನಿ. ನಿಮ್ಮಪ್ಪನ ಎದುರಿಗೆ ಹೇಳ್ತೀನಿ, ತಪ್ಪು ನಂದು ಅಂತ."

"ಅಲ್ಲಿ ನಮ್ಮನೇಲಿ ಹನ್ನೊಂದು ಜನ ಇದಾರೆ," ಅಂದಳು ಮಲ್ಲಿಕಾಂಬ. ಬ್ಯಾಗಿನ ಮೇಲೆ ಇಟ್ಟಿದ್ದ ಕೈ ತೆಗೆದಳು. "ಇಲ್ಲಾದ್ರೆ ಇಬ್ಬರೇ."

ಆಗಲೇ ತಲೆಯ ಮೇಲೆ ಅವರೆಕಾಯಿ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಗೇಟು ದಾಟಿ ಬಂದಳು. ಪ್ಲಾಟ್‌ಫಾರ್ಮಿನಲ್ಲಿ ಇನ್ನೂ ಎರಡು ಬೆಂಚು ಖಾಲಿ ಬಿದ್ದಿದ್ದವು, ಒಂದಕ್ಕೆ ನೆರಳೂ ಇತ್ತು. ಆದರೆ ಮುದುಕಿಗೆ ಮಾತಿಗೆ ಜನ ಬೇಕಿತ್ತು. ನೇರವಾಗಿ ಇವರ ಹತ್ತಿರ ಬಂದು ನಿಂತಳು.

"ಒಸಿ ಅತ್ಲಾಗೆ ಸರ್ಕೊಳಪ್ಪಾ. ನಾನೂ ಇಲ್ಲೇ ಕುಂತ್ಕೋತೀನಿ, ಪ್ಯಾಸೆಂಜರ್ ಬರಗಂಟ."

ಬಸವರಾಜಪ್ಪನ ಬಾಯಿ ತಾನಾಗಿಯೇ ತೆರೆಯಿತು. ಬನ್ನಿ ಅಜ್ಜಿ, ಕೂತ್ಕೊಳ್ಳಿ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಮಲ್ಲಿಕಾಂಬ ಅದನ್ನು ಕಂಡಳು. ಕಣ್ಣು ಕಿರಿದು ಮಾಡಿ ಕಾದಳು. ಅವನ ಕಿವಿ ಕೆಂಪಾಯಿತು, ಕತ್ತು ಕೆಂಪಾಯಿತು. ಅವನು ಸರಿದ. ಅತ್ತ ಅಲ್ಲ, ಇತ್ತ. ಉಳಿದಿದ್ದ ಅಷ್ಟೂ ಜಾಗ ದಾಟಿ ಹೆಂಡತಿಯ ತೋಳಿಗೆ ತೋಳು ತಾಗುವ ಹಾಗೆ ಕೂತು, ಕೂಗಿಯೇ ಹೇಳಿದ.

"ಇಲ್ಲಿ ಜಾಗ ಇಲ್ಲ ಕಣಜ್ಜಿ!"

ಮುದುಕಿ ಅವನ ಆ ಕಡೆ ಖಾಲಿ ಬಿದ್ದಿದ್ದ ಅರ್ಧ ಬೆಂಚನ್ನು ಒಂದು ಸಲ ನೋಡಿದಳು. ಇವರಿಬ್ಬರನ್ನು ಒಂದು ಸಲ ನೋಡಿದಳು. ಬೊಚ್ಚುಬಾಯಿ ತುಂಬ ನಕ್ಕು, ಬುಟ್ಟಿಯಿಂದ ಎರಡು ಹಿಡಿ ಅವರೆಕಾಯಿ ತೆಗೆದು ಮಲ್ಲಿಕಾಂಬನ ಮಡಿಲಿಗೆ ಸುರಿದು, ನೆರಳಿನ ಬೆಂಚಿನ ಕಡೆಗೆ ನಡೆದುಹೋದಳು.